ಕಂಪನಿ ಬದಲಿಸುವ ಮೊದಲು ಮೀಟರ್ ಕಡೆ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕರೆಂಟ್ ಬಿಲ್ಲಿನವೇ. ಕೆಲವರಿಗೆ ವಿದ್ಯುತ್ ಮಾರುವ ಕಂಪನಿಯನ್ನು ತಾವೇ ಆರಿಸಿಕೊಳ್ಳುವ ಅವಕಾಶವಿದೆ, ಕೆಲವರಿಗೆ ಇರುವುದು ಒಂದೇ ಕಂಪನಿ. ಬರೆದವರ ದುಡ್ಡೂ ಬೇರೆ ಬೇರೆಯಾದ್ದರಿಂದ ಲೆಕ್ಕಗಳಲ್ಲಿ ಬರೀ ‘ನಾಣ್ಯ’ ಎಂದು ಹಿಡಿದಿದ್ದೇವೆ. ಆ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಬಿಲ್ಲಿನಲ್ಲಿರುವುದನ್ನು ಆ ಜಾಗಕ್ಕೆ ಹಾಕಿಕೊಳ್ಳಿ.

ಪ್ರಶ್ನೆ: ಈಗಿನ ಕಂಪನಿ ಯೂನಿಟ್‌ಗೆ 7 ನಾಣ್ಯ, ತಿಂಗಳಿಗೆ 300 ನಾಣ್ಯ ನಿಗದಿ ಶುಲ್ಕ ಹಾಕುತ್ತದೆ. ಹೊಸ ಕಂಪನಿಯದು ಯೂನಿಟ್‌ಗೆ 8, ನಿಗದಿ ಶುಲ್ಕ 100. ಬದಲಾಯಿಸಿದರೆ ಲಾಭವೇ?

ಉತ್ತರ: ನೀವು ಎಷ್ಟು ಯೂನಿಟ್ ಉರಿಸುತ್ತೀರಿ ಎಂದು ಪತ್ರದಲ್ಲಿ ಬರೆದಿಲ್ಲ. ಅದಿಲ್ಲದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ನಿಗದಿ ಶುಲ್ಕದ ಅಂತರ 200, ಯೂನಿಟ್ ದರದ ಅಂತರ 1. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ 200 ಯೂನಿಟ್ ಬರುತ್ತದೆ. ತಿಂಗಳಿಗೆ 200ಕ್ಕಿಂತ ಕಡಿಮೆ ಬಳಸುವ ಮನೆಗೆ ಹೊಸದು ಅಗ್ಗ, ಹೆಚ್ಚು ಬಳಸುವ ಮನೆಗೆ ಹಳೆಯದೇ ಅಗ್ಗ. 120 ಯೂನಿಟ್‌ಗೆ ಹಳೆಯದರಲ್ಲಿ 1140, ಹೊಸದರಲ್ಲಿ 1060. 350 ಯೂನಿಟ್‌ಗೆ ಹಳೆಯದರಲ್ಲಿ 2750, ಹೊಸದರಲ್ಲಿ 2900.

ಎಲ್ಲರೂ ಎಡವುವುದು ಒಂದೇ ಕಡೆ: ಕೈಗೆ ಸಿಕ್ಕ ಕೊನೇ ತಿಂಗಳ ಬಿಲ್ಲನ್ನು ಹಿಡಿದು ಲೆಕ್ಕಕ್ಕೆ ಕೂರುವುದು. ಎಂಟು ತಿಂಗಳು 120 ಯೂನಿಟ್, ಸೆಕೆಯೋ ಚಳಿಯೋ ಜೋರಾದ ನಾಲ್ಕು ತಿಂಗಳು 350 ಯೂನಿಟ್ ಬಳಸುವ ಮನೆ ಎನ್ನಿ. ವರ್ಷಕ್ಕೆ 2360 ಯೂನಿಟ್. ಹಳೆಯ ಕಂಪನಿಗೆ 20,120 ನಾಣ್ಯ, ಹೊಸದಕ್ಕೆ 20,080. ಇಡೀ ವರ್ಷಕ್ಕೆ ಉಳಿಯುವುದು 40 ನಾಣ್ಯ. ಅರ್ಜಿ ತುಂಬುವ ತಾಪತ್ರಯಕ್ಕೂ ಅದು ಸಾಲದು. ಆದ್ದರಿಂದ ಹೋಲಿಸುವಾಗ 12 ತಿಂಗಳ ಯೂನಿಟ್ ಮೊತ್ತ ಹಿಡಿಯಿರಿ. ಕಟ್ಟಿದ ದುಡ್ಡಿನ ಮೊತ್ತ ಹಿಡಿಯಬೇಡಿ. ಅದರಲ್ಲಿ ಹಳೆ ಬಾಕಿ, ದಂಡ, ಮುಂಗಡ ಎಲ್ಲ ಕಲಸಿಕೊಂಡಿರುತ್ತದೆ. ಎರಡೂ ಕಂಪನಿಗಳ ದರಕ್ಕೆ ತೆರಿಗೆ ಸೇರಿದೆಯೋ ಇಲ್ಲವೋ ಅದನ್ನೂ ನೋಡಿ. ಒಂದು ತೆರಿಗೆ ಸೇರಿಸಿ, ಇನ್ನೊಂದು ಬಿಟ್ಟು ಹೇಳಿದ್ದರೆ ಹೋಲಿಕೆ ಮೊದಲ ಸಾಲಿನಲ್ಲೇ ಕೆಟ್ಟಿತು.

ಪ್ರಶ್ನೆ: ‘ಶೇ. 30 ರಿಯಾಯಿತಿ’ ಎಂಬ ಜಾಹೀರಾತು ನಂಬಬಹುದೇ?

ಉತ್ತರ: ಯಾವುದರ ಮೇಲೆ ಶೇ. 30 ಎಂದು ಮೊದಲು ಕೇಳಿ. ಸಾಮಾನ್ಯವಾಗಿ ಅದು ಯೂನಿಟ್ ದರದ ಮೇಲೆ ಮಾತ್ರ, ನಿಗದಿ ಶುಲ್ಕಕ್ಕೆ ತಾಗುವುದಿಲ್ಲ. ಎರಡನೆಯದು, ಅದು ಆ ಕಂಪನಿಯದೇ ದುಬಾರಿ ಮೂಲ ದರಕ್ಕೆ ಹೋಲಿಸಿದ ರಿಯಾಯಿತಿ. ನೀವು ಈಗ ಕಟ್ಟುತ್ತಿರುವ ದರಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂರನೆಯದು ಷರತ್ತು: ಗಡುವಿನೊಳಗೆ ಕಟ್ಟಿದರೆ ಮಾತ್ರ, ಬ್ಯಾಂಕಿನಿಂದ ತಾನಾಗಿ ಕಡಿತವಾದರೆ ಮಾತ್ರ, ಮೊದಲ ಆರು ತಿಂಗಳು ಮಾತ್ರ. ಒಂದು ತಿಂಗಳು ತಡವಾಯಿತೋ, ಆ ತಿಂಗಳ ರಿಯಾಯಿತಿ ಪೂರಾ ಹೋಯಿತು. ಶೇಕಡಾ ಲೆಕ್ಕ ಬದಿಗಿಟ್ಟು ನಾಲ್ಕೇ ಅಂಕಿ ಕೇಳಿ: ತೆರಿಗೆ ಸಮೇತ ಯೂನಿಟ್ ದರ, ತೆರಿಗೆ ಸಮೇತ ನಿಗದಿ ಶುಲ್ಕ, ಈ ದರ ಯಾವ ತಾರೀಖಿನವರೆಗೆ, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು. ಅವಧಿ ಮುಗಿದ ಮೇಲೆ ಗ್ರಾಹಕ ಸುಮ್ಮನಿದ್ದರೆ ಮೂಲ ದರಕ್ಕೆ ಜಾರಿಸುವುದು ಈ ವ್ಯಾಪಾರದ ಹಳೆಯ ಪದ್ಧತಿ. ಅವಧಿ ಮುಗಿಯುವ ತಾರೀಖಿಗೆ ಒಂದು ತಿಂಗಳು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ಕಂಪನಿ ಬದಲಿಸುವಾಗ ಕರೆಂಟ್ ಹೋಗುತ್ತದೆಯೇ? ಮೀಟರ್ ಬದಲಾಗುತ್ತದೆಯೇ? ಏನೇನು ಮಾಡಬೇಕು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಕರೆಂಟ್ ಹೋಗುವುದಿಲ್ಲ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲ ಜಾಲದ ಕಂಪನಿಯವು, ಅವು ಇದ್ದಲ್ಲೇ ಇರುತ್ತವೆ. ಬದಲಾಗುವುದು ಬಿಲ್ ಕಳಿಸುವವರು ಮಾತ್ರ. ಹಾಗಾಗಿ ‘ಹೊಸ ಕಂಪನಿಯ ಕರೆಂಟ್ ಹೆಚ್ಚು ಹೋಗುತ್ತದೆ’, ‘ವೋಲ್ಟೇಜ್ ಕಡಿಮೆ’ ಎಂಬ ಮಾತಿಗೆ ಅರ್ಥವಿಲ್ಲ. ಕರೆಂಟ್ ಹೋದರೆ ಹಿಂದೆ ಯಾರಿಗೆ ಫೋನ್ ಮಾಡುತ್ತಿದ್ದಿರೋ ಅದೇ ಜಾಲದ ಕಂಪನಿಗೆ ಮಾಡಬೇಕು. ಮೀಟರ್ ಕೂಡ ಸಾಮಾನ್ಯವಾಗಿ ಅದೇ.

ಮೊದಲು ಹಳೆಯ ಬಿಲ್ಲುಗಳಲ್ಲಿ ರೀಡಿಂಗ್ ನಿಜವಾಗಿ ಓದಿದ್ದೋ ಅಂದಾಜಿನದೋ ನೋಡಿ. ಅಂದಾಜಿನದಾದರೆ ಪಕ್ಕದಲ್ಲಿ ಒಂದಕ್ಷರದ ಗುರುತೋ ಸಣ್ಣ ಟಿಪ್ಪಣಿಯೋ ಇರುತ್ತದೆ. ಅಂದಾಜಿನ ಮೇಲೆ ಅಂದಾಜು ಪೇರಿಸಿಕೊಂಡು ಬಂದಿದ್ದರೆ ನಿಮ್ಮ ವರ್ಷದ ಯೂನಿಟ್ ಲೆಕ್ಕವೇ ಸುಳ್ಳು. ನಿಜವಾಗಿ ಓದಿದ ಎರಡು ರೀಡಿಂಗ್ ಹುಡುಕಿ, ಮಧ್ಯದ ದಿನಗಳಿಂದ ಭಾಗಿಸಿ 365ರಿಂದ ಗುಣಿಸಿ. ಆ ಎರಡು ರೀಡಿಂಗ್ ನಡುವೆ ಸುಮಾರು ಒಂದು ವರ್ಷ ಇದ್ದರೆ ಒಳ್ಳೆಯದು.

ಆಮೇಲೆ ಸಂಪರ್ಕದ ಸಂಖ್ಯೆ. ಬಿಲ್ಲಿನಲ್ಲಿ ಎರಡು ಉದ್ದನೆಯ ಸಂಖ್ಯೆಗಳಿರುತ್ತವೆ. ಗ್ರಾಹಕ ಸಂಖ್ಯೆ ಹಳೆಯ ಕಂಪನಿ ನಿಮಗೆ ಕೊಟ್ಟದ್ದು. ಸಂಪರ್ಕದ ಸಂಖ್ಯೆ ಆ ಮನೆಯ ತಂತಿಗೆ ಸೇರಿದ್ದು, ಮನೆಯಲ್ಲಿ ಯಾರೇ ಇದ್ದರೂ ಬದಲಾಗದು. ಹೊಸ ಕಂಪನಿಗೆ ಬೇಕಾದದ್ದು ಈ ಎರಡನೆಯದು. ಇಲ್ಲಿ ಒಂದು ಅಂಕಿ ತಪ್ಪಿದರೆ ನಿಮ್ಮ ಬದಲು ಪಕ್ಕದ ಮನೆಯವರ ಸಂಪರ್ಕ ಹೊಸ ಕಂಪನಿಗೆ ಹೋಗಿಬಿಡಬಹುದು. ಬಹುಮಹಡಿ ಕಟ್ಟಡಗಳಲ್ಲಿ ಈ ಅಪಾಯ ಜಾಸ್ತಿ. ಅರ್ಜಿಯಲ್ಲಿ ಬರೆದ ಸಂಖ್ಯೆಯನ್ನು ಬಿಲ್ ಜೊತೆ ಮಾತ್ರವಲ್ಲ, ಮೀಟರಿನ ಮೇಲಿನ ಕ್ರಮಸಂಖ್ಯೆಯನ್ನೂ ಬಿಲ್ಲಿನಲ್ಲಿರುವುದರ ಜೊತೆ ತಾಳೆ ನೋಡಿ.

ಹಳೆಯ ಕಂಪನಿಗೆ ನೀವಾಗಿ ‘ನನಗೆ ಬೇಡ’ ಎಂದು ಬರೆಯಬೇಡಿ. ಹೊಸ ಕಂಪನಿಗೆ ಅರ್ಜಿ ಹಾಕಿದರೆ ಉಳಿದದ್ದು ಅವರವರ ನಡುವೆ ನಡೆಯುತ್ತದೆ. ನೀವೇ ಮೊದಲು ರದ್ದು ಮಾಡಿಸಿದರೆ ಮನೆ ಖಾಲಿ ಮಾಡುತ್ತಿದ್ದೀರಿ ಎಂದು ಅವರು ತಿಳಿಯಬಹುದು. ಯುರೋಪಿಯನ್ ಒಕ್ಕೂಟದ 2019ರ ವಿದ್ಯುತ್ ನಿರ್ದೇಶನದ ಪ್ರಕಾರ ಬದಲಾವಣೆ ಮೂರು ವಾರದೊಳಗೆ ಮುಗಿಯಬೇಕು. ಬದಲಿಸಿದ್ದಕ್ಕೆಂದೇ ಮನೆ ಬಳಕೆದಾರರಿಂದ ಶುಲ್ಕ ಕೀಳುವಂತಿಲ್ಲ. ಆದರೆ ಅವಧಿ ಒಪ್ಪಂದವನ್ನು ಮಧ್ಯೆ ಮುರಿದರೆ ಅದರ ಶುಲ್ಕ ಬೇರೆ. ನಿಮ್ಮ ಕಡೆಯ ನಿಯಮ ಏನೇ ಇರಲಿ, ‘ಬದಲಾವಣೆ ಶುಲ್ಕ’ ಮತ್ತು ‘ಒಪ್ಪಂದ ಮುರಿದ ಶುಲ್ಕ’ ಎಂಬ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಬದಲಾಗುವ ದಿನ ಮೀಟರಿನ ಫೋಟೊ ತೆಗೆಯಿರಿ. ರೀಡಿಂಗ್ ಮತ್ತು ಕ್ರಮಸಂಖ್ಯೆ ಒಂದೇ ಚಿತ್ರದಲ್ಲಿ ಬರಬೇಕು. ರೀಡಿಂಗ್ ಒಂದೇ ಇದ್ದರೆ ಅದು ಯಾರ ಮೀಟರೂ ಆಗಬಹುದು. ಅದೇ ರೀಡಿಂಗನ್ನು ಎರಡೂ ಕಂಪನಿಗಳಿಗೆ ಕಳಿಸಿ. ಕಳಿಸದಿದ್ದರೆ ಅವರವರೇ ಅಂದಾಜು ಹಾಕುತ್ತಾರೆ. ಹಳೆಯವರು 14,620ಕ್ಕೆ ಮುಗಿಸಿ ಹೊಸವರು 14,480ರಿಂದ ಶುರು ಮಾಡಿದರೆ ನಡುವಿನ 140 ಯೂನಿಟ್‌ಗೆ ನೀವು ಎರಡು ಸಲ ದುಡ್ಡು ಕಟ್ಟಿದಂತೆ. ಅದನ್ನು ಸರಿಪಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಡಬೇಕಾದೀತು. ಫೋಟೊ ಇದ್ದರೆ ಒಂದು ಪತ್ರದಲ್ಲಿ ಮುಗಿಯುತ್ತದೆ.

ಕೊನೆಯ ಬಿಲ್ ಬಂದು ಚುಕ್ತಾ ಆಗುವವರೆಗೆ ಬ್ಯಾಂಕಿನ ಸ್ವಯಂ ಕಡಿತ ನಿಲ್ಲಿಸಬೇಡಿ. ನಿಮ್ಮದೇ ದುಡ್ಡು ಅವರಲ್ಲಿ ಉಳಿದಿದ್ದರೆ ಎಷ್ಟೋ ಕಡೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಠೇವಣಿ ಇಟ್ಟಿದ್ದರೆ ಅದನ್ನು ಬಾಯಿಬಿಟ್ಟು ಕೇಳಿ, ತಾನಾಗಿ ಬರುವುದು ಅಪರೂಪ. ಹೊಸ ಕಂಪನಿಯ ಮೊದಲ ಬಿಲ್ಲಿನಲ್ಲಿ ಯೋಜನೆಯ ಹೆಸರು, ಯೂನಿಟ್ ದರ, ಆರಂಭದ ರೀಡಿಂಗ್ ಈ ಮೂರನ್ನು ಓದಿ. ಇಲ್ಲಿ ತಪ್ಪಿದ್ದು ಮುಂದಿನ ಎಲ್ಲ ಬಿಲ್ಲಿಗೂ ಹರಿದು ಹೋಗುತ್ತದೆ.

ಪ್ರಶ್ನೆ: ನಾವು ಎರಡು ವಾರ ಊರಲ್ಲಿರಲಿಲ್ಲ. ಆದರೂ ಬಿಲ್ ಹೆಚ್ಚುಕಡಿಮೆ ಅಷ್ಟೇ ಬಂದಿದೆ. ಮೀಟರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರಬಹುದು, ಆದರೆ ಅನುಮಾನ ಪಡಬೇಕಾದ ಪಟ್ಟಿಯಲ್ಲಿ ಮೀಟರ್ ಕೊನೆಯದು. ಪರೀಕ್ಷೆ ನೀವೇ ಮಾಡಬಹುದು. ಬೇಕಾದದ್ದು ಒಂದು ಗಡಿಯಾರ, ಅರ್ಧ ಗಂಟೆ.

ಮೀಟರಿನ ಮುಖದಲ್ಲಿ ಕೆಂಪು ದೀಪವೊಂದು ಮಿಟುಕುತ್ತಿರುತ್ತದೆ. ಅದರ ಹತ್ತಿರ 1600 ಅಥವಾ 3200 ಎಂಬಂಥ ಅಂಕಿಯ ಜೊತೆ ‘ಇಂಪ್ ಪರ್ ಕಿಲೋವ್ಯಾಟ್ ಅವರ್’ ಎಂದಿರುತ್ತದೆ. ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್. ಒಂದು ಮಿಟುಕಿನಿಂದ ಮುಂದಿನ ಮಿಟುಕಿಗೆ ಎಷ್ಟು ಸೆಕೆಂಡ್ ಎಂದು ಗೊತ್ತಾದರೆ ಆ ಹೊತ್ತಿನಲ್ಲಿ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ತಿಳಿಯುತ್ತದೆ. 36,00,000 ಅನ್ನು ಆ ಅಂಕಿಯಿಂದಲೂ ಸೆಕೆಂಡಿನಿಂದಲೂ ಭಾಗಿಸಿ. 3200ರ ಮೀಟರಿನಲ್ಲಿ 10 ಮಿಟುಕಿಗೆ 90 ಸೆಕೆಂಡ್ ಹಿಡಿದರೆ ಒಂದಕ್ಕೆ 9 ಸೆಕೆಂಡ್, ಅಂದರೆ 125 ವ್ಯಾಟ್. ಕಡಿಮೆ ಎನಿಸುತ್ತದೆ ಅಲ್ಲವೇ? ಹಗಲು ರಾತ್ರಿ ಹೀಗೇ ನಡೆದರೆ ವರ್ಷಕ್ಕೆ 1095 ಯೂನಿಟ್. ನೆನಪಿಗೆ ಒಂದು ಸೂತ್ರ: ಸದಾ ಉರಿಯುವ 1 ವ್ಯಾಟ್ ವರ್ಷಕ್ಕೆ 8.76 ಯೂನಿಟ್. ಚಕ್ರ ತಿರುಗುವ ಹಳೆಯ ಮೀಟರಾದರೆ ಯೂನಿಟ್‌ಗೆ ಎಷ್ಟು ಸುತ್ತು ಎಂದು ಬರೆದಿರುತ್ತದೆ, ಅದನ್ನು ಇದೇ ಜಾಗಕ್ಕೆ ಹಾಕಿ.

ಈಗ ಮೇನ್ ಸ್ವಿಚ್ ಆರಿಸಿ. ಮನೆಯಲ್ಲಿ ಯಾರಾದರೂ ವೈದ್ಯಕೀಯ ಯಂತ್ರದ ಮೇಲಿದ್ದರೆ ಈ ಪರೀಕ್ಷೆ ಬೇಡ. 15 ನಿಮಿಷ ದೀಪವನ್ನೇ ನೋಡಿ. ಒಂದು ಸಲ ಮಿಟುಕಿ ಸುಮ್ಮನಾದರೆ ಚಿಂತೆಯಿಲ್ಲ. ಮಿಟುಕುತ್ತಲೇ ಇದ್ದರೆ ಮೂರರಲ್ಲಿ ಒಂದು: ಮೀಟರ್ ಮತ್ತು ಮೇನ್ ಸ್ವಿಚ್ ನಡುವೆ ಯಾರೋ ತಂತಿ ಎಳೆದಿದ್ದಾರೆ, ಅದು ನಿಮ್ಮ ಮೀಟರೇ ಅಲ್ಲ, ಅಥವಾ ಮೀಟರ್ ಕೆಟ್ಟಿದೆ. ಎರಡನೆಯದನ್ನು ಪತ್ತೆ ಮಾಡುವುದು ಸುಲಭ. ಮೇನ್ ಹಾಕಿ 2000 ವ್ಯಾಟಿನ ಹೀಟರ್ ಒಂದನ್ನೇ ಹಚ್ಚಿ. 3200ರ ಮೀಟರ್ ಆಗ ನಿಮಿಷಕ್ಕೆ ಸುಮಾರು 107 ಸಲ ಮಿಟುಕಬೇಕು. ನಿಮ್ಮದೆಂದುಕೊಂಡ ಮೀಟರ್ ಮಂದಗತಿಯಲ್ಲೇ ಇದ್ದು ಪಕ್ಕದ್ದು ಪಟಪಟ ಮಿಟುಕಿದರೆ ವಿಷಯ ಅಲ್ಲಿಗೆ ಸ್ಪಷ್ಟ. ನೀವು ಬೇರೆ ಯಾರದೋ ಬಿಲ್ ಕಟ್ಟುತ್ತಿದ್ದೀರಿ. ಮೀಟರಿನ ಸೀಲ್ ಮಾತ್ರ ಮುಟ್ಟಬೇಡಿ, ಜಾಲದ ಕಂಪನಿಗೆ ಬರೆದು ತಿಳಿಸಿ.

ಮೇನ್ ಆರಿಸಿದಾಗ ದೀಪ ನಿಂತಿತೆನ್ನಿ. ಹಾಗಾದರೆ ಕಳ್ಳ ಮನೆಯೊಳಗಿದ್ದಾನೆ. ಎಲ್ಲ ಎಂಸಿಬಿ (ಮನೆಯ ಒಂದೊಂದು ಲೈನಿಗಿರುವ ಸುರಕ್ಷತಾ ಸ್ವಿಚ್) ಇಳಿಸಿ, ಮೇನ್ ಹಾಕಿ, ಒಂದೊಂದೇ ಎಂಸಿಬಿ ಎತ್ತುತ್ತ ಮಿಟುಕಿನ ಅಂತರ ಬರೆದುಕೊಳ್ಳಿ. ಮೊದಲು ಯುಪಿಎಸ್ ಬಿಡಿಸಿಡಿ. ಕರೆಂಟ್ ಬಂದ ತಕ್ಷಣ ಅದು ಬ್ಯಾಟರಿ ತುಂಬಲು ಹೊರಟು ಎಲ್ಲ ಲೆಕ್ಕ ಕೆಡಿಸುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಓಡುತ್ತಿದ್ದಾಗಲೂ ನಿಂತಿದ್ದಾಗಲೂ ಅಂತರ ಬೇರೆ ಬೇರೆ ಬರುತ್ತದೆ ಎನ್ನುವುದನ್ನು ಮರೆಯಬೇಡಿ. ಸಾಮಾನ್ಯವಾಗಿ ಸಿಕ್ಕಿಬೀಳುವವರು: ಆರಿಸದೆ ಬಿಟ್ಟ ಗೀಸರ್, ನಿಮ್ಮ ಮೀಟರಿಗೆ ಸೇರಿಸಿಬಿಟ್ಟಿರುವ ಮೆಟ್ಟಿಲಿನ ದೀಪ, ತಾನಾಗಿ ಓಡುವ ನೀರಿನ ಪಂಪ್. ಈ ಕೊನೆಯದು ತಮಾಷೆಯದು. ಫ್ಲಶ್ ಟ್ಯಾಂಕ್ ಸೋರಿದರೆ ಮೇಲಿನ ತೊಟ್ಟಿ ಇಳಿಯುತ್ತದೆ, ಪಂಪ್ ಮತ್ತೆ ಮತ್ತೆ ಓಡುತ್ತದೆ; ಕೊಳಾಯಿಯವರು ರಿಪೇರಿ ಮಾಡಬೇಕಾದ್ದಕ್ಕೆ ನೀವು ಕರೆಂಟಿನವರ ಹತ್ತಿರ ಜಗಳವಾಡುತ್ತಿರುತ್ತೀರಿ.

ಒಂದು ಮಾತ್ರ ತಮಾಷೆಯಲ್ಲ. ಸ್ವಿಚ್ಚುಗಳೆಲ್ಲ ಆರಿದ್ದೂ ಒಂದು ಎಂಸಿಬಿ ಎತ್ತಿದೊಡನೆ ಮೀಟರ್ ಓಡಿದರೆ, ಗೋಡೆಯೊಳಗಿನ ತಂತಿಯಿಂದಲೋ ತೇವ ಕುಡಿದ ಪಾಯಿಂಟಿನಿಂದಲೋ ಕರೆಂಟ್ ನೆಲಕ್ಕೆ ಸೋರುತ್ತಿರಬಹುದು. ಸೋರಿಕೆಯಾದರೆ ತಾನಾಗಿ ಆರಿಹೋಗುವ ಆರ್‌ಸಿಸಿಬಿ ಸ್ವಿಚ್ ಇಲ್ಲದ ಹಳೆಯ ಮನೆಗಳಲ್ಲಿ ಇದು ಯಾರಿಗೂ ಗೊತ್ತಾಗದೆ ನಡೆಯುತ್ತದೆ. 230 ವೋಲ್ಟಿನಲ್ಲಿ 1 ಆಂಪ್ ಸೋರಿದರೆ ದಿನಕ್ಕೆ 5.5 ಯೂನಿಟ್. ಬಿಲ್ಲಿಗಿಂತ ದೊಡ್ಡ ವಿಷಯ ಜೀವದ್ದು. ಆ ಎಂಸಿಬಿ ಇಳಿಸಿಯೇ ಇಟ್ಟು ಎಲೆಕ್ಟ್ರಿಷಿಯನ್ ಕರೆಸಿ.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸುವ ‘ಪವರ್ ಸೇವರ್’ ಡಬ್ಬಿಯಿಂದ ಬಿಲ್ ಅರ್ಧವಾಗುತ್ತದಂತೆ. ಮಾರುವವರು ಕ್ಲಾಂಪ್ ಮೀಟರ್ ಹಿಡಿದು ಕಣ್ಣೆದುರೇ ತೋರಿಸಿದರು.

ಉತ್ತರ: ತೋರಿಸಿದ್ದು ಸುಳ್ಳಲ್ಲ, ಹೇಳಿದ್ದು ಸುಳ್ಳು. ಕ್ಲಾಂಪ್ ಮೀಟರ್ ಅಳೆಯುವುದು ಆಂಪ್. ಮನೆಯ ಮೀಟರ್ ದುಡ್ಡು ಹಾಕುವುದು ನಿಜವಾಗಿ ಖರ್ಚಾದ ವ್ಯಾಟಿಗೆ. 100 ವ್ಯಾಟ್ ಕೆಲಸ ಮಾಡುವ ಮೋಟಾರಿನ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಖರ್ಚಾಗುವ ಪಾಲು) 0.6 ಆಗಿದ್ದರೆ ಅದು 230 ವೋಲ್ಟಿನಲ್ಲಿ 0.72 ಆಂಪ್ ಎಳೆಯುತ್ತದೆ. ಡಬ್ಬಿಯೊಳಗಿನ ಕೆಪಾಸಿಟರ್ ಅದನ್ನು 0.43ಕ್ಕೆ ಇಳಿಸುತ್ತದೆ. ಮೋಟಾರ್ ಮೊದಲೂ 100 ವ್ಯಾಟ್, ಆಮೇಲೂ 100 ವ್ಯಾಟ್. ಮೀಟರಿನ ಮಿಟುಕು ಎಣಿಸಿ ನೋಡಿ, ವೇಗ ಬದಲಾಗುವುದಿಲ್ಲ. ಮುಂದಿನ ಸಲ ಮಾರುವವರು ಬಂದಾಗ ಅವರ ಕೈಯಲ್ಲೇ ಎಣಿಸಿಸಿ.

ಪ್ರಶ್ನೆ: ಯೂನಿಟ್‌ಗೆ ಹಗಲು 10 ನಾಣ್ಯ, ರಾತ್ರಿಯ ಏಳು ಗಂಟೆಗಳ ಅವಧಿಯಲ್ಲಿ 4 ನಾಣ್ಯ ಎಂಬ ಸಮಯಾಧಾರಿತ ದರ ಕೊಡುತ್ತೇವೆ ಎನ್ನುತ್ತಿದ್ದಾರೆ. ಈಗ ಎಲ್ಲ ಹೊತ್ತಿಗೂ 8. ತಿಂಗಳಿಗೆ 250 ಯೂನಿಟ್ ಬಳಸುತ್ತೇವೆ. ಒಪ್ಪಬಹುದೇ?

ಉತ್ತರ: ನಿಮ್ಮ ಬಳಕೆಯ ಮೂರರಲ್ಲಿ ಒಂದು ಪಾಲು ಆ ಏಳು ಗಂಟೆಯೊಳಗೆ ಬಿದ್ದರೆ ಸಮ, ಅದಕ್ಕಿಂತ ಹೆಚ್ಚಾದರೆ ಲಾಭ, ಕಡಿಮೆಯಾದರೆ ನಷ್ಟ. ಲೆಕ್ಕ ಹೀಗೆ: ಹಗಲಿನ ಒಂದು ಯೂನಿಟ್‌ಗೆ 2 ನಾಣ್ಯ ಹೆಚ್ಚು ಕೊಡುತ್ತೀರಿ, ರಾತ್ರಿಯದರಲ್ಲಿ 4 ಉಳಿಸುತ್ತೀರಿ. ಎರಡು ಹಗಲು ಯೂನಿಟ್‌ಗೆ ಒಂದು ರಾತ್ರಿ ಯೂನಿಟ್ ಇದ್ದರೆ ಸರಿದೂಗುತ್ತದೆ. ನಿಮಗೆ ಬೇಕಾದದ್ದು ರಾತ್ರಿ ಸುಮಾರು 83 ಯೂನಿಟ್.

ಏನೂ ಮಾಡದೆ ರಾತ್ರಿಗೆ ಎಷ್ಟು ಬೀಳುತ್ತದೆ? ಫ್ರಿಜ್, ವೈಫೈಯಂಥ ಸದಾ ಓಡುವವು ತಿಂಗಳಿಗೆ 60 ಯೂನಿಟ್ ಎಂದರೆ ಅದರಲ್ಲಿ 24ಕ್ಕೆ 7ರ ಪಾಲು, 17ರಿಂದ 18 ಯೂನಿಟ್. ದಿನಕ್ಕೆ 2 ಯೂನಿಟ್ ತಿನ್ನುವ ಗೀಸರನ್ನು ಟೈಮರ್ ಹಾಕಿ ಬೆಳಗಿನ ಜಾವಕ್ಕೆ ದೂಡಿದರೆ 60. ಬಿಸಿನೀರಿನ ಒಗೆತ ಒಂದಕ್ಕೆ 0.8 ಯೂನಿಟ್‌ನಂತೆ ತಿಂಗಳಿಗೆ 12 ಸಲವಾದರೆ 9.6. ಎಲ್ಲ ಸೇರಿ 87. ಇಷ್ಟು ಶಿಸ್ತಿನಿಂದ ನಡೆದರೆ ನಿಮ್ಮ ಬಿಲ್ 2000ದಿಂದ 1978ಕ್ಕೆ ಇಳಿಯುತ್ತದೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಒಂದು ವಾರ ನೆಂಟರು ಬಂದು ಹಗಲಲ್ಲಿ ಬಿಸಿನೀರು ಕಾಯಿಸಿದರೆ ಆ 22 ನಾಣ್ಯವೂ ಹೋಯಿತು.

ಮನೆಗೆ ವಿದ್ಯುತ್ ಕಾರು ಬಂದರೆ ಚಿತ್ರವೇ ಬೇರೆ. 100 ಕಿಲೋಮೀಟರಿಗೆ 16 ಯೂನಿಟ್ ಹಿಡಿದರೆ ತಿಂಗಳಿಗೆ 900 ಕಿಲೋಮೀಟರ್ ಓಡಿಸಲು 144 ಯೂನಿಟ್, ಪೂರಾ ರಾತ್ರಿಯೇ ತುಂಬಿಸಬಹುದು. ಆಗ ಒಟ್ಟು 394 ಯೂನಿಟ್‌ಗೆ ಒಂದೇ ದರದಲ್ಲಿ 3152 ನಾಣ್ಯ, ಸಮಯಾಧಾರಿತದಲ್ಲಿ 2554. ಕಾರೋ ಬಿಸಿನೀರಿನ ದೊಡ್ಡ ತೊಟ್ಟಿಯೋ ಇಲ್ಲದ ಮನೆಗೆ ಈ ಯೋಜನೆ ನಾವು ಹೇಳುವುದಿಲ್ಲ. ಎಲ್ಲರೂ ಮಲಗಿರುವಾಗ ಬಟ್ಟೆ ಒಣಗಿಸುವ ಯಂತ್ರ ಓಡಿಸುವುದಂತೂ ಬೇಡ. ಅದರ ಜಾಲರಿಯಲ್ಲಿ ಕಟ್ಟುವ ನೂಲಿನ ಧೂಳು ಬೆಂಕಿಗೆ ದಾರಿ.

ಒಪ್ಪಿಕೊಂಡರೆ ಮೊದಲ ವಾರವೇ ಒಂದು ಪರೀಕ್ಷೆ ಮಾಡಿ. ಮೀಟರಿನಲ್ಲಿ ಹಗಲಿಗೊಂದು, ರಾತ್ರಿಗೊಂದು ರೀಡಿಂಗ್ ಇರುತ್ತದೆ. ಮಧ್ಯಾಹ್ನ 12ಕ್ಕೆ ಎರಡನ್ನೂ ಬರೆದುಕೊಂಡು ಒಂದು ಗಂಟೆ ಹೀಟರ್ ಹಚ್ಚಿ. ಏರಿದ್ದು ಯಾವುದೋ ಅದೇ ಹಗಲಿನದು. ಬಿಲ್ಲಿನಲ್ಲಿ ಅದನ್ನೇ ‘ರಾತ್ರಿ’ ಎಂದು ಬರೆದಿದ್ದರೆ ಎರಡೂ ಅದಲುಬದಲಾಗಿವೆ. ಈ ತಪ್ಪು ಅಪರೂಪವೇನಲ್ಲ. ಮೀಟರಿನ ಗಡಿಯಾರವನ್ನೂ ನೋಡಿ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಮೀಟರುಗಳು ಹಾಗೆ ಮುಂದೆ ಹೋಗುವುದಿಲ್ಲ. ಆಗ ನಿಮ್ಮ ಅಗ್ಗದ ಹೊತ್ತು ಒಂದು ಗಂಟೆ ತಡವಾಗಿ ಶುರುವಾಗುತ್ತದೆ.

ಪ್ರಶ್ನೆ: ನಮಗೆ ಇರುವುದು ಒಂದೇ ಕಂಪನಿ, ಬದಲಿಸುವ ಮಾತೇ ಇಲ್ಲ. ಸ್ಲ್ಯಾಬ್ ದರ: ಮೊದಲ 100 ಯೂನಿಟ್‌ಗೆ 5, ಮುಂದಿನ 100ಕ್ಕೆ 7, ಆಮೇಲೆ 9. ಉಳಿತಾಯದ ಲೆಕ್ಕಕ್ಕೆ ಸರಾಸರಿ ದರ ಹಿಡಿದರೆ ಸರಿಯೇ?

ಉತ್ತರ: ತಪ್ಪು, ಮತ್ತು ನಿಮ್ಮ ವಿರುದ್ಧದ ತಪ್ಪು. 260 ಯೂನಿಟ್‌ಗೆ ನಿಮ್ಮ ಬಿಲ್ 1740, ಸರಾಸರಿ 6.69. ಆದರೆ ಉಳಿಸಿದ ಯೂನಿಟ್ ಕಳಚುವುದು ಮೇಲಿನ ಸ್ಲ್ಯಾಬಿನಿಂದ. 60 ಯೂನಿಟ್ ಕಡಿಮೆ ಮಾಡಿದರೆ ಉಳಿಯುವುದು 401 ಅಲ್ಲ, 540. ಹಾಗಾಗಿ ‘ಈ ಕಡಿಮೆ ವ್ಯಾಟಿನ ಫ್ಯಾನಿಗೆ ಹಾಕಿದ ದುಡ್ಡು ಎಷ್ಟು ವರ್ಷದಲ್ಲಿ ಬರುತ್ತದೆ’ ಎಂದು ನೋಡುವಾಗ 9ರಿಂದ ಗುಣಿಸಿ. 75 ವ್ಯಾಟಿನ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿ ದಿನಕ್ಕೆ 12 ಗಂಟೆ ಓಡಿಸಿದರೆ ವರ್ಷಕ್ಕೆ 197 ಯೂನಿಟ್ ಉಳಿತಾಯ, ಅಂದರೆ ತಿಂಗಳಿಗೆ 16ಕ್ಕಿಂತ ಸ್ವಲ್ಪ ಹೆಚ್ಚು. ಮೇಲಿನ ಸ್ಲ್ಯಾಬ್ ಮುಟ್ಟದ ತಿಂಗಳುಗಳಿಗೆ ಮಾತ್ರ 7 ಹಿಡಿಯಿರಿ.

ಇನ್ನೊಂದನ್ನು ಬಿಲ್ ಬಂದಾಗಲೆಲ್ಲ ನೋಡಬೇಕು: ಎರಡು ರೀಡಿಂಗ್ ನಡುವಿನ ದಿನಗಳು. 38 ದಿನಕ್ಕೆ ಓದಿ 30 ದಿನದ ಸ್ಲ್ಯಾಬನ್ನೇ ಹಾಕಿದರೆ ನಿಮ್ಮ ಅಗ್ಗದ ಯೂನಿಟ್ ದುಬಾರಿ ಸ್ಲ್ಯಾಬಿಗೆ ಹಾರುತ್ತವೆ. ದಿನಕ್ಕೆ ತಕ್ಕ ಹಾಗೆ ಮೊದಲ ಸ್ಲ್ಯಾಬ್ 100ರ ಬದಲು ಸುಮಾರು 127 ಆಗಬೇಕು. ಆಗಿಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ.

ಪ್ರಶ್ನೆ: ಗೀಸರ್ ದಿನವಿಡೀ ಆನ್ ಇಡುವುದು ಮೇಲೋ, ಬೇಕಾದಾಗ ಹಾಕುವುದೋ? ಕಾಯಿಲ್ ಮೇಲೆ ಸುಣ್ಣ ಕಟ್ಟಿದರೆ ಕರೆಂಟ್ ಹೆಚ್ಚು ತಿನ್ನುತ್ತದೆಯೇ?

ಉತ್ತರ: ಬೇಕಾದಾಗ ಹಾಕುವುದು. ‘ತಣ್ಣಗಾದ ನೀರನ್ನು ಮತ್ತೆ ಕಾಯಿಸಲು ಹೆಚ್ಚು ಬೇಕು’ ಎಂಬ ವಾದ ನಿಲ್ಲುವುದಿಲ್ಲ. ತೊಟ್ಟಿ ಬಿಸಿಯಾಗಿದ್ದಷ್ಟು ಹೊತ್ತೂ ಹೊರಗೆ ಶಾಖ ಬಿಡುತ್ತಿರುತ್ತದೆ. ಆರಿಸಿದರೆ ನೀರು ತಣ್ಣಗಾಗುತ್ತ ಹೋದ ಹಾಗೆ ಆ ನಷ್ಟವೂ ಇಳಿಯುತ್ತದೆ. ಎಷ್ಟು ಉಳಿಯುತ್ತದೆ ಎನ್ನುವುದು ತೊಟ್ಟಿಯ ಸುತ್ತಲಿನ ಹೊದಿಕೆಗೆ ಬಿಟ್ಟದ್ದು. ಒಳ್ಳೆಯ ಹೊದಿಕೆಯಿದ್ದರೆ ವ್ಯತ್ಯಾಸ ಸಣ್ಣದು.

ನಿಜವಾದ ಖರ್ಚು ನೀರಿನ ಅಳತೆಯಲ್ಲಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.163 ವ್ಯಾಟ್-ಅವರ್ ಬೇಕು. 25 ಡಿಗ್ರಿಯ ನೀರನ್ನು 40ಕ್ಕೆ ತಂದು 20 ಲೀಟರಿನ ಬಕೆಟ್ಟಿನಲ್ಲಿ ಸ್ನಾನ ಮಾಡಿದರೆ 0.35 ಯೂನಿಟ್. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರಿನ ಕೆಳಗೆ 10 ನಿಮಿಷ ನಿಂತರೆ 1.4 ಯೂನಿಟ್, ನಾಲ್ಕು ಪಟ್ಟು. ಗೀಸರಿನ ನಕ್ಷತ್ರ ಎಣಿಸುವ ಮೊದಲು ಶವರಿನ ಕೆಳಗೆ ಬಕೆಟ್ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ.

ಸುಣ್ಣದ ಬಗ್ಗೆ ಎಲ್ಲರೂ ಹೇಳುವುದು ಅರ್ಧ ಸತ್ಯ. ನೀರಿನಲ್ಲಿ ಮುಳುಗಿದ ಕಾಯಿಲ್ ಹುಟ್ಟಿಸುವ ಶಾಖಕ್ಕೆ ಹೋಗಲು ಬೇರೆ ಜಾಗವಿಲ್ಲ, ಸುಣ್ಣ ದಾಟಿಯಾದರೂ ಅದು ನೀರಿಗೇ ಸೇರಬೇಕು. ಯೂನಿಟ್ ಹೆಚ್ಚು ವ್ಯತ್ಯಾಸವಾಗದು. ಆದರೆ ಸುಣ್ಣದೊಳಗೆ ಕಾಯಿಲ್ ವಿಪರೀತ ಕಾದು ಬೇಗ ಸುಟ್ಟುಹೋಗುತ್ತದೆ, ಅದರ ಕವಚ ಬಿರುಕುಬಿಟ್ಟರೆ ನೀರಿಗೆ ಕರೆಂಟ್ ಬರುತ್ತದೆ. ಗಡಸು ನೀರಿನ ಮನೆಯಲ್ಲಿ ಸುಣ್ಣ ತೆಗೆಸಬೇಕಾದದ್ದು ಅದಕ್ಕೆ. ತೆಗೆಸುವಾಗ ಆನೋಡ್ ಕಡ್ಡಿಯನ್ನೂ ನೋಡಿಸಿ. ಅದು ಸವೆದು ಮುಗಿದಿದ್ದರೆ ಮುಂದೆ ತುಕ್ಕು ಹಿಡಿಯುವುದು ತೊಟ್ಟಿಗೆ. ಉಳಿತಾಯದ ಆಸೆಗೆ ತೊಟ್ಟಿಯ ನೀರನ್ನು ಸದಾ ಉಗುರುಬೆಚ್ಚಗೆ ಇಡಬೇಡಿ. 20ರಿಂದ 45 ಡಿಗ್ರಿಯ ನಡುವೆ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60ಕ್ಕೆ ಕಾಯಿಸಿ ತಣ್ಣೀರು ಬೆರೆಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಸ್ಥಿರ ದರವೋ, ಸಗಟು ಮಾರುಕಟ್ಟೆಯ ಜೊತೆ ಏರಿಳಿಯುವ ದರವೋ?

ಉತ್ತರ: ಏರಿಳಿಯುವ ದರ ಹೆಚ್ಚಿನ ದಿನ ಅಗ್ಗ. ಕೇಳಬೇಕಾದದ್ದು ಕೆಟ್ಟ ದಿನದ ಬಗ್ಗೆ: ಅದಕ್ಕೆ ಮೇಲ್ಮಿತಿ ಇದೆಯೇ? 2021ರ ಫೆಬ್ರವರಿಯ ಶೀತಗಾಳಿಯಲ್ಲಿ ಅಮೆರಿಕದ ಟೆಕ್ಸಾಸ್‌ನ ಸಗಟು ದರ ಕೆಲವು ದಿನ ನಿಯಮದ ಗರಿಷ್ಠ ಮಟ್ಟಕ್ಕೆ ಹತ್ತಿ ಕೂತಿತು. ಸಗಟು ದರಕ್ಕೆ ನೇರವಾಗಿ ಕಟ್ಟಿಕೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂತು. ಚಳಿಗೆ ಹೀಟರ್ ಆರಿಸಲೂ ಆಗದು, ಕಟ್ಟಲೂ ಆಗದು. ದರ ಏರಿದ ಗಂಟೆಯಲ್ಲಿ ಬಳಕೆ ನಿಲ್ಲಿಸುವ ಶಕ್ತಿ ಇರುವವರು, ಅಂದರೆ ಬ್ಯಾಟರಿ ಇರುವವರು ಅಥವಾ ದೊಡ್ಡ ಹೊರೆಯೆಲ್ಲ ಟೈಮರಿನಲ್ಲಿ ಇರುವವರು ಯೋಚಿಸಬಹುದು. ಕರೆಂಟಿನಲ್ಲೇ ಮನೆ ಬೆಚ್ಚಗೆ ಇಡುವವರು ಮೇಲ್ಮಿತಿ ಇಲ್ಲದ ಒಪ್ಪಂದಕ್ಕೆ ಕೈಹಾಕಬಾರದು.

ಚುಟುಕು ಉತ್ತರಗಳು

*ಬಾಡಿಗೆ ಮನೆಯಲ್ಲಿದ್ದೇನೆ, ಕಂಪನಿ ಬದಲಿಸಬಹುದೇ?* ಬಿಲ್ ನಿಮ್ಮ ಹೆಸರಿಗೆ ಬರುತ್ತಿದ್ದರೆ ಸಾಮಾನ್ಯವಾಗಿ ಆಗುತ್ತದೆ, ಬಾಡಿಗೆ ಕರಾರನ್ನು ಒಮ್ಮೆ ಓದಿ. ಬಾಡಿಗೆಗೇ ಕರೆಂಟ್ ಸೇರಿದ್ದರೆ ತೀರ್ಮಾನ ಮಾಲೀಕರದು. ಮನೆಗೆ ಕಾಲಿಟ್ಟ ದಿನವೇ ಮೀಟರ್ ಫೋಟೊ ತೆಗೆಯಿರಿ, ಇಲ್ಲವಾದರೆ ಹಿಂದಿದ್ದವರ ಬಾಕಿ ನಿಮ್ಮ ಕೊರಳಿಗೆ.

*ಛಾವಣಿಯ ಮೇಲೆ ಸೋಲಾರ್ ಇದೆ.* ಕೊಳ್ಳುವ ಒಪ್ಪಂದ, ಮಾರುವ ಒಪ್ಪಂದ ಎರಡೂ ಬೇರೆಯಾಗಿರಬಹುದು. ಕೊಳ್ಳುವ ಕಂಪನಿ ಬದಲಿಸಿದಾಗ ಮಾರುವ ದರ ಉಳಿಯುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ಹಳೆಯ ಒಳ್ಳೆಯ ದರ ಒಮ್ಮೆ ಕಳೆದುಕೊಂಡರೆ ಮತ್ತೆ ಸಿಗದೆ ಹೋಗಬಹುದು.

*ಫ್ಯಾನ್ ನಿಧಾನಕ್ಕೆ ತಿರುಗಿಸಿದರೆ ಉಳಿತಾಯವೇ?* ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಆದರೆ ಹೌದು. ಹಳೆಯ ದೊಡ್ಡ ಡಬ್ಬಿಯ ರೆಗ್ಯುಲೇಟರ್ ಆದರೆ ಫ್ಯಾನ್ ಬಿಟ್ಟ ಕರೆಂಟಿನ ಬಹುಪಾಲು ಅದೇ ಬಿಸಿಯಾಗಿ ತಿನ್ನುತ್ತದೆ. ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

*ಹೊಸ ಕಂಪನಿ ಮುಚ್ಚಿಹೋದರೆ ಕತ್ತಲೆಯೇ?* ಇಲ್ಲ. ಕಂಪನಿ ಆರಿಸುವ ವ್ಯವಸ್ಥೆ ಚೆನ್ನಾಗಿ ನೆಲೆಯೂರಿದ ಕಡೆಗಳಲ್ಲಿ ನಿಯಂತ್ರಣ ಸಂಸ್ಥೆ ನಿಮ್ಮನ್ನು ಇನ್ನೊಂದು ಕಂಪನಿಗೆ ಒಪ್ಪಿಸುತ್ತದೆ, ಕರೆಂಟ್ ಹರಿಯುತ್ತಲೇ ಇರುತ್ತದೆ. ಆದರೆ ಒಪ್ಪಿಸಿದ ಕಂಪನಿಯ ದರ ಅಗ್ಗದ್ದೇ ಇರಬೇಕೆಂದಿಲ್ಲ. ಸುದ್ದಿ ಬಂದ ದಿನವೇ ಮೀಟರ್ ಫೋಟೊ ತೆಗೆದು, ಹಳೆಯ ಬಿಲ್ಲುಗಳನ್ನು ಅವರ ವೆಬ್‌ಸೈಟ್ ಮುಚ್ಚುವ ಮೊದಲೇ ಇಳಿಸಿಟ್ಟುಕೊಳ್ಳಿ. ಅವರಲ್ಲಿ ನಿಮ್ಮ ಮುಂಗಡ ಉಳಿದಿತ್ತು ಎನ್ನುವುದಕ್ಕೆ ಆಮೇಲೆ ಅದೊಂದೇ ಸಾಕ್ಷಿ.